ಒಂದು ಮಿಲಿಗ್ರಾಂ ಪಾಚಿ, ಅದರೊಳಗಿನ ಡಿಎನ್‌ಎ

ದಂತವೈದ್ಯರು ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಕ್ಯುರೆಟ್ ಎಂಬ ಸಣ್ಣ ಉಕ್ಕಿನ ಸಲಕರಣೆ ಇಳಿಸಿ ಒಮ್ಮೆ ಮೇಲಕ್ಕೆ ಕೆರೆದರೆ ಅದರ ತುದಿಗೆ ಬೆಳ್ಳಗಿನ ಲೋಳೆ ಅಂಟಿಕೊಂಡು ಬರುತ್ತದೆ. ಹಲ್ಲು ಪಾಚಿಗಟ್ಟಿದೆ ಎಂದು ನಾವು ಹೇಳುವುದು ಇದನ್ನೇ. ತೂಗಿದರೆ ಒಂದು ಮಿಲಿಗ್ರಾಂ ಇದ್ದೀತು. ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಆದರೆ ಒಂದು ಗ್ರಾಂ ಪಾಚಿಯಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಗಳಿರುತ್ತವೆ. ಆ ಲೆಕ್ಕದಲ್ಲಿ ಕ್ಯುರೆಟ್ಟಿನ ತುದಿಯಲ್ಲಿ ಕೂತಿರುವುದು ಹತ್ತು ಕೋಟಿ ಜೀವಿಗಳು.

ಜನಸಂಖ್ಯೆ ಇಷ್ಟು ದೊಡ್ಡದಾದರೂ ಅವುಗಳ ಡಿಎನ್‌ಎ ಬಹಳ ಕಡಿಮೆ. ಬಾಯಿಯ ಬ್ಯಾಕ್ಟೀರಿಯಗಳಲ್ಲಿ ಹಲವಕ್ಕೆ 20 ಲಕ್ಷ ಅಕ್ಷರಗಳ ಆಸುಪಾಸಿನ ಜೀನೋಮ್ ಇದೆ. ಅಂಥ ಒಂದು ಕೋಶದ ಡಿಎನ್‌ಎ ಸುಮಾರು 2 ಫೆಮ್ಟೊಗ್ರಾಂ ತೂಗುತ್ತದೆ. ಹತ್ತು ಕೋಟಿ ಕೋಶಗಳಲ್ಲಿರುವ ಅಷ್ಟೂ ಡಿಎನ್‌ಎಯನ್ನು ಒಂದಿಷ್ಟೂ ಚೆಲ್ಲದೆ ಒಟ್ಟುಗೂಡಿಸಿದರೂ ಸಿಗುವುದು ಒಂದು ಗ್ರಾಂನ 50 ಲಕ್ಷದ ಒಂದು ಪಾಲು. ಇಷ್ಟು ಕಡಿಮೆ ವಸ್ತುವಿನಿಂದ, ಯಾವ ಬ್ಯಾಕ್ಟೀರಿಯ ಎಷ್ಟಿದೆ ಎಂದು ಹಲ್ಲು ಹಲ್ಲಿಗೂ ಲೆಕ್ಕ ಹೇಳಲು ಮನುಷ್ಯ ಕಲಿತದ್ದು ಹೇಗೆ? ಆ ಕತೆಯಲ್ಲಿ ದೊಡ್ಡ ಹೆಸರುಗಳಿವೆ. ಆದರೆ ಅದು ಪ್ರತಿ ತಿರುವಿನಲ್ಲೂ ನಿಂತಿರುವುದು ಒಂದು ಸಾಮಾನ್ಯ ಕೆಲಸದ ಮೇಲೆ: ಕೋಶವನ್ನು ಒಡೆದು ಡಿಎನ್‌ಎಯನ್ನು ಹೊರಗೆ ತರುವುದು.

ಕಂಡರು, ಬೆಳೆಸಿದರು

ಹಲ್ಲಿನ ಪಾಚಿಯಲ್ಲಿ ಜೀವವಿದೆ ಎಂದು ಮೊದಲು ಬರೆದಿಟ್ಟವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. ಉಪ್ಪಿನಿಂದ ಹಲ್ಲುಜ್ಜಿ ಬಟ್ಟೆಯಿಂದ ಒರೆಸಿಕೊಳ್ಳುವ ಅಭ್ಯಾಸ ಅವನಿಗಿತ್ತು. ಆದರೂ ಹಲ್ಲಿನ ಸಂದಿಯಲ್ಲಿ ಬಿಳಿಯ ವಸ್ತು ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ತಾನೇ ಅರೆದು ಮಾಡಿದ ಮಸೂರದಡಿ ಇಟ್ಟ. ಕಣ್ಣಿಗೆ ಕಾಣದ ಜೀವಿಗಳು ಓಡಾಡುತ್ತಿದ್ದವು. ಹುಟ್ಟಿದಾಗಿನಿಂದ ಹಲ್ಲುಜ್ಜದ ಮುದುಕನೊಬ್ಬನ ಪಾಚಿಯನ್ನೂ ತಂದು ನೋಡಿದ. ಈ ವಿವರಗಳನ್ನೆಲ್ಲ 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದಲ್ಲಿ ಬರೆದು, ಚಿತ್ರಗಳನ್ನೂ ಕಳಿಸಿದ. ಮನುಷ್ಯ ಮೊತ್ತಮೊದಲು ಚಿತ್ರಿಸಿಕೊಂಡ ಬ್ಯಾಕ್ಟೀರಿಯಗಳಲ್ಲಿ ಅವು ಸೇರಿವೆ.

ಕಣ್ಣಿಗೆ ಕಾಣುವುದು ಆಕಾರ ಮಾತ್ರ. ಕಡ್ಡಿ, ಗುಂಡು, ಸುರುಳಿ ಎಂದು ವಿಂಗಡಿಸಬಹುದು. ಆದರೆ ಒಂದೇ ಆಕಾರದ ನೂರು ಬಗೆಗಳನ್ನು ಹಾಗೆ ಬೇರ್ಪಡಿಸಲಾಗದು. ಅದಕ್ಕಾಗಿ ಬೆಳೆಸಿ ನೋಡುವ ವಿದ್ಯೆ ಬೇಕಾಯಿತು. ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್‌ನ ವಿಧಾನಗಳನ್ನು ಕಲಿತ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ ಇಡಿಯ ಗ್ರಂಥವನ್ನೇ ಬರೆದ. ಬ್ಯಾಕ್ಟೀರಿಯಗಳು ಆಹಾರವನ್ನು ಹುಳಿಸಿ ಬಿಡುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದ್ದು ಅವನೇ.

ಬೆಳೆಸುವ ವಿದ್ಯೆಯನ್ನು ಅದರ ತುತ್ತತುದಿಯವರೆಗೆ ಒಯ್ದವರು ಅಮೆರಿಕದ ವರ್ಜೀನಿಯ ಪಾಲಿಟೆಕ್ನಿಕ್ಕಿನ ಮೂರ್ ದಂಪತಿ. ವಸಡಿನಡಿಯ ಬ್ಯಾಕ್ಟೀರಿಯಗಳಲ್ಲಿ ಬಹುಪಾಲಿಗೆ ಆಮ್ಲಜನಕವೇ ವಿಷ. ಮಾದರಿಯನ್ನು ಗಾಳಿಗೆ ತಾಗದಂತೆ ಸಾಗಿಸಬೇಕು, ಗಾಳಿಯಿಲ್ಲದ ಕಡೆ ಬೆಳೆಸಬೇಕು, ಎದ್ದ ಒಂದೊಂದು ಬೊಟ್ಟನ್ನೂ ಬೇರೆ ಮಾಡಿ ಪರೀಕ್ಷಿಸಬೇಕು. ಮೂರ್ ದಂಪತಿ ವರ್ಷಗಟ್ಟಲೆ ಹೀಗೆ ದುಡಿದು ವಸಡಿನ ಸಂದಿಯಿಂದ ನೂರಾರು ಬಗೆಗಳನ್ನು ಹೆಕ್ಕಿದರು. ಆ ಶ್ರಮಕ್ಕೆ ಇವತ್ತೂ ಕೈಮುಗಿಯಬೇಕು. ಆದರೆ ಒಂದೇ ಮಾದರಿ ಇಷ್ಟು ಕೆಲಸ ಕೇಳುವಾಗ ಸಾವಿರ ಮಾದರಿಗಳ ಮಾತೆತ್ತುವುದು ಹೇಗೆ? ದಾರಿಯಲ್ಲಿ ಸತ್ತದ್ದು, ತಟ್ಟೆಯಲ್ಲಿ ಬೆಳೆಯಲು ಒಪ್ಪದ್ದು ಎರಡೂ ಲೆಕ್ಕದಿಂದ ಹೊರಗೇ ಉಳಿಯುತ್ತಿದ್ದವು.

ಡಿಎನ್‌ಎಗೆ ಈ ಕಷ್ಟವಿಲ್ಲ. ಬ್ಯಾಕ್ಟೀರಿಯ ಸತ್ತರೂ ಅದರ ಡಿಎನ್‌ಎ ಉಳಿದಿರುತ್ತದೆ, ಅದನ್ನು ಸಾಕುವ ಗೋಜಿಲ್ಲ. ಆದರೆ ಅದು ಕೋಶದೊಳಗಿದೆ.

ಮಾರ್ಮರ್‌ನ ವಿಧಾನ ಮತ್ತು ಗಟ್ಟಿ ಗೋಡೆ

ಬ್ಯಾಕ್ಟೀರಿಯದಿಂದ ಡಿಎನ್‌ಎ ತೆಗೆಯುವುದಕ್ಕೆ ಎಲ್ಲರೂ ಅನುಸರಿಸುವಂಥ ಕ್ರಮವೊಂದನ್ನು 1961ರಲ್ಲಿ ಪ್ರಕಟಿಸಿದವನು ಜೂಲಿಯಸ್ ಮಾರ್ಮರ್. ಕೋಶಗಳನ್ನು ಮಾರ್ಜಕದಿಂದ ಒಡೆಯುವುದು, ಕ್ಲೋರೋಫಾರ್ಮ್ ಹಾಕಿ ಅಲುಗಿಸಿ ಪ್ರೋಟೀನನ್ನು ಬೇರ್ಪಡಿಸುವುದು, ಕೊನೆಗೆ ಆಲ್ಕೊಹಾಲ್ ಸುರಿದು ಎಳೆ ಎಳೆಯಾಗಿ ಮೇಲೇಳುವ ಡಿಎನ್‌ಎಯನ್ನು ಗಾಜಿನ ಕಡ್ಡಿಗೆ ಸುತ್ತಿಕೊಳ್ಳುವುದು. ಇಂದಿಗೂ ಕಾಲೇಜಿನ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳು ಮೊದಲು ಮಾಡುವುದು ಇದರ ರೂಪಾಂತರಗಳನ್ನೇ. ಅದಕ್ಕೂ ಸ್ವಲ್ಪ ಮುಂಚೆ ಹಾರ್ವರ್ಡಿನಲ್ಲಿ ಪಾಲ್ ಡಾಟಿಯ ಜೊತೆಗೂಡಿ ಮಾರ್ಮರ್ ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿದ್ದ. ಡಿಎನ್‌ಎಯ ಜೋಡಿ ಎಳೆಗಳು ಕಾಯಿಸಿದರೆ ಬಿಚ್ಚಿಕೊಳ್ಳುತ್ತವೆ. ನಿಧಾನವಾಗಿ ಆರಿಸಿದರೆ ಒಂದಕ್ಕೊಂದು ಹೊಂದುವ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಈ ಎರಡನೆಯ ಶೋಧ ಮೂರು ದಶಕಗಳ ಬಳಿಕ ಹಲ್ಲಿನ ಪಾಚಿಯ ಲೆಕ್ಕಕ್ಕೆ ಒದಗಿ ಬಂತು.

ಮಾರ್ಮರ್ ವಿಧಾನಕ್ಕೆ ಗ್ರಾಂಗಟ್ಟಲೆ ಬ್ಯಾಕ್ಟೀರಿಯ ಬೇಕಿತ್ತು. ಫ್ಲಾಸ್ಕಿನಲ್ಲಿ ಬೆಳೆಸಿದ ಒಂದೇ ಜಾತಿಯ ಕೋಶಗಳಿಗೆ ಅದು ಸರಿ. ಒಂದು ಮಿಲಿಗ್ರಾಂ ಪಾಚಿಯಲ್ಲಿ ಕಡ್ಡಿಗೆ ಸುತ್ತಿಕೊಳ್ಳುವಷ್ಟು ಎಳೆಯೇ ಇರುವುದಿಲ್ಲ. ಒಂದು ನಳಿಕೆಯಿಂದ ಇನ್ನೊಂದಕ್ಕೆ ಸುರಿಯುವ ಪ್ರತಿ ಸಲವೂ ಸ್ವಲ್ಪ ಗಾಜಿಗೋ ಪ್ಲಾಸ್ಟಿಕ್ಕಿಗೋ ಅಂಟಿ ಹೋಗುತ್ತದೆ. ನಾಲ್ಕು ಸಲ ಸುರಿದು, ನಾಲ್ಕು ಸಲ ತೊಳೆದರೆ ಕೊನೆಗೆ ಉಳಿಯುವುದು ನೀರು.

ಇದಕ್ಕಿಂತ ದೊಡ್ಡ ತೊಡಕು ಬ್ಯಾಕ್ಟೀರಿಯಗಳ ಗೋಡೆಯದು. ಗ್ರಾಂ-ನೆಗೆಟಿವ್ ಎಂಬ ಬಗೆಯ ಬ್ಯಾಕ್ಟೀರಿಯಗಳಲ್ಲಿ ಗೋಡೆಗೆ ಗಟ್ಟಿತನ ಕೊಡುವ ಪೆಪ್ಟಿಡೊಗ್ಲೈಕನ್ ಪದರ ಕೆಲವೇ ನ್ಯಾನೊಮೀಟರ್ ದಪ್ಪ. ಮಾರ್ಜಕ ಸೋಕಿದರೆ ಅವು ಸುಲಭವಾಗಿ ಒಡೆಯುತ್ತವೆ. ಗ್ರಾಂ-ಪಾಸಿಟಿವ್‌ಗಳಲ್ಲಿ ಅದೇ ಪದರ 20ರಿಂದ 80 ನ್ಯಾನೊಮೀಟರ್ ಇರುತ್ತದೆ. ಹಲ್ಲಿನ ಮೇಲೆ ಮೊದಲು ನೆಲೆಯೂರುವ ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್ ಎರಡೂ ಈ ಗಟ್ಟಿ ಗೋಡೆಯವು. ಎರಡೂ ಬಗೆ ಬೆರೆತಿರುವ ಪಾಚಿಗೆ ಬರೀ ಮಾರ್ಜಕ ಹಾಕಿದರೆ ತೆಳು ಗೋಡೆಯವು ತೆರೆದುಕೊಳ್ಳುತ್ತವೆ, ದಪ್ಪ ಗೋಡೆಯವು ಮುಚ್ಚಿಕೊಂಡೇ ಉಳಿಯುತ್ತವೆ. ಆಮೇಲೆ ಎಷ್ಟೇ ನಿಖರವಾಗಿ ಡಿಎನ್‌ಎ ಎಣಿಸಿದರೂ ಉತ್ತರ ತಪ್ಪು.

ಗೋಡೆ ಕರಗಿಸುವ ಕಿಣ್ವವೊಂದು ಆಗಲೇ ಗೊತ್ತಿತ್ತು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ಗೂ ಮೊದಲು, 1922ರಲ್ಲಿ ವರದಿ ಮಾಡಿದ ಲೈಸೋಜೈಮ್ ಅದು. ನಮ್ಮ ಕಣ್ಣೀರಿನಲ್ಲೂ ಜೊಲ್ಲಿನಲ್ಲೂ ಇದೆ. ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳಿಗೆ ಮಾತ್ರ ಅದು ಅಷ್ಟಾಗಿ ನಾಟುವುದಿಲ್ಲ. ಹಗಲಿರುಳು ಅದೇ ಜೊಲ್ಲಿನಲ್ಲಿ ಮುಳುಗಿ ಬಾಳುವ ಜೀವಿಗಳು ಅದಕ್ಕೆ ಬಗ್ಗದವೇ ಆಗಿರಬೇಕಲ್ಲವೆ? 1970ರ ದಶಕದಲ್ಲಿ ಜಪಾನಿನ ಯೊಕೊಗಾವ ಮತ್ತು ಸಂಗಡಿಗರು ಸ್ಟ್ರೆಪ್ಟೊಮೈಸಿಸ್ ಗ್ಲೋಬಿಸ್ಪೋರಸ್ ಎಂಬ ಬ್ಯಾಕ್ಟೀರಿಯದಿಂದ ಇನ್ನೊಂದು ಕಿಣ್ವ ತೆಗೆದರು. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಅನ್ನೇ ಅದು ಕರಗಿಸುತ್ತಿದ್ದುದರಿಂದ ಮ್ಯೂಟನೊಲೈಸಿನ್ ಎಂಬ ಹೆಸರು ಬಂತು. ಗೋಡೆಯಲ್ಲಿ ಅದು ಕತ್ತರಿಸುವುದು ಲೈಸೋಜೈಮ್ ಕತ್ತರಿಸುವ ಕೊಂಡಿಯನ್ನೇ. ಆದರೆ ಲೈಸೋಜೈಮ್ ಸೋಲುವ ಗೋಡೆಗಳಲ್ಲೂ ಅದು ಗೆಲ್ಲುತ್ತದೆ. ಹಲ್ಲಿನ ಪಾಚಿಯ ಡಿಎನ್‌ಎ ತೆಗೆಯುವ ಎಷ್ಟೋ ಕ್ರಮಗಳಲ್ಲಿ ಈ ಎರಡು ಕಿಣ್ವಗಳೂ ಇಂದು ಜೊತೆಯಾಗಿ ಕೂತಿವೆ.

ಬಾಸ್ಟನ್ನಿನ ನೈಲಾನ್ ಹಾಳೆ

ಕತೆಯ ನಡುಭಾಗ ನಡೆಯುವುದು ಬಾಸ್ಟನ್ನಿನ ಫಾರ್ಸೈತ್ ಸಂಸ್ಥೆಯಲ್ಲಿ. 1910ರಲ್ಲಿ ಬಡ ಮಕ್ಕಳ ಹಲ್ಲಿನ ಚಿಕಿತ್ಸೆಗೆಂದು ಶುರುವಾದ ಆಸ್ಪತ್ರೆ ಅದು. ಅಲ್ಲಿ ಸಿಗ್ಮಂಡ್ ಸಾಕ್ರಾನ್‌ಸ್ಕಿ ಮತ್ತು ಆನ್ ಹಫಾಜಿ ವಸಡಿನ ರೋಗದ ಬೆನ್ನುಹತ್ತಿದ್ದರು. ವಸಡು ಸಡಿಲಗೊಂಡು, ಕೆಳಗಿನ ಮೂಳೆ ಸವೆದು, ಗಟ್ಟಿ ಹಲ್ಲೇ ಉದುರಿಹೋಗುವ ರೋಗ ಅದು. ಒಂದೇ ಬಾಯಲ್ಲಿ ಒಂದು ಹಲ್ಲಿನ ವಸಡು ಕೊಳೆಯುತ್ತಿರುತ್ತದೆ, ಪಕ್ಕದ ಹಲ್ಲಿನದು ಚೆನ್ನಾಗಿರುತ್ತದೆ. ಹಾಗಾಗಿ ಬಾಯಿಯ ಪಾಚಿಯನ್ನೆಲ್ಲ ಒಂದೇ ನಳಿಕೆಯಲ್ಲಿ ಕಲಸಿದರೆ ಕಾರಣ ಸಿಗದು. ಒಂದೊಂದು ಹಲ್ಲಿನ ಪಾಚಿಯನ್ನೂ ಬೇರೆಬೇರೆಯಾಗಿ ಎಣಿಸಬೇಕು. ಒಬ್ಬ ರೋಗಿಯಿಂದಲೇ ಇಪ್ಪತ್ತೆಂಟರವರೆಗೆ ಮಾದರಿಗಳು, ಪ್ರತಿಯೊಂದೂ ಚಿಟಿಕೆಗೂ ಕಡಿಮೆ.

1994ರಲ್ಲಿ ಸಾಕ್ರಾನ್‌ಸ್ಕಿ ತಂಡ ಪ್ರಕಟಿಸಿದ ವಿಧಾನದ ಜಾಣತನ ಅದರ ಸರಳತೆಯಲ್ಲಿದೆ. ಕ್ಯುರೆಟ್ಟಿನ ತುದಿಯ ಪಾಚಿಯನ್ನು 0.15 ಮಿಲಿಲೀಟರ್ ಬಫರ್ ದ್ರಾವಣವಿರುವ ನಳಿಕೆಗೆ ಅದ್ದುವುದು. ಅದಕ್ಕೆ 0.1 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುವುದು. ಕುದಿಯುವ ನೀರಿನಲ್ಲಿ 5 ನಿಮಿಷ ಇಡುವುದು. ಕೊನೆಗೆ ಅಮೋನಿಯಂ ಅಸಿಟೇಟ್ ಹಾಕಿ ಕ್ಷಾರವನ್ನು ತಣಿಸುವುದು. ಅಷ್ಟೇ. ಕ್ಲೋರೋಫಾರ್ಮ್ ಇಲ್ಲ, ಆಲ್ಕೊಹಾಲ್ ಇಲ್ಲ, ನಳಿಕೆಯಿಂದ ನಳಿಕೆಗೆ ಸುರಿಯುವುದಿಲ್ಲ. ಬಿಸಿ ಕ್ಷಾರ ಒಂದೇ ಏಟಿಗೆ ಎರಡು ಕೆಲಸ ಮುಗಿಸುತ್ತದೆ: ಕೋಶವನ್ನು ಒಡೆಯುತ್ತದೆ, ಹೊರಬಂದ ಡಿಎನ್‌ಎಯ ಜೋಡಿ ಎಳೆಗಳನ್ನು ಬಿಚ್ಚುತ್ತದೆ. ಶುದ್ಧೀಕರಣವೇ ಇಲ್ಲದ ಕಡೆ ಶುದ್ಧೀಕರಣದಲ್ಲಿ ಆಗುವ ನಷ್ಟವೂ ಇಲ್ಲ. ಸಣ್ಣ ಮಾದರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಏನಿದೆ?

ಮುಂದಿನದು ಮಗ್ಗದ ಕೆಲಸದ ಹಾಗೆ. ನೈಲಾನ್ ಹಾಳೆಯ ಮೇಲೆ ಒಂದೊಂದು ಮಾದರಿಯ ಡಿಎನ್‌ಎಯನ್ನೂ ಒಂದೊಂದು ಗೆರೆಯಾಗಿ ಹಾಸಿನಂತೆ ಇಳಿಸುತ್ತಾರೆ: 28 ಮಾದರಿಗಳು, ಜೊತೆಗೆ 1 ಲಕ್ಷ ಮತ್ತು 10 ಲಕ್ಷ ಕೋಶಗಳಿಗೆ ಸಮನಾದ ಎರಡು ಅಳತೆಗೆರೆಗಳು. ಬಳಿಕ ಹಾಳೆಯನ್ನು ಅಡ್ಡ ತಿರುಗಿಸಿ, ಗುರುತು ಹಚ್ಚಿದ 40 ಬ್ಯಾಕ್ಟೀರಿಯಗಳ ಡಿಎನ್‌ಎಯನ್ನು ಹೊಕ್ಕಿನಂತೆ ಹರಿಸುತ್ತಾರೆ. ಹಾಸೂ ಹೊಕ್ಕೂ ಸಂಧಿಸುವ ಕಡೆ ಎಳೆಗೆ ಎಳೆ ಹೊಂದಿದರೆ, ಮಾರ್ಮರ್ ಮತ್ತು ಡಾಟಿ ಕಂಡ ಹಾಗೆಯೇ ಎರಡೂ ಕೂಡಿಕೊಳ್ಳುತ್ತವೆ. ಆ ಗುರುತಿಗೆ ಬಳಸಿದ್ದು ಡಿಜಾಕ್ಸಿಜೆನಿನ್, ಡಿಜಿಟಾಲಿಸ್ ಜಾತಿಯ ಗಿಡದಿಂದ ಬಂದದ್ದು. ಬಾಯಿಯಲ್ಲಾಗಲಿ ಬ್ಯಾಕ್ಟೀರಿಯದಲ್ಲಾಗಲಿ ಸಹಜವಾಗಿ ಇರದ ವಸ್ತುವಾದ್ದರಿಂದ ಮೋಸ ಹೋಗುವ ಭಯ ಕಡಿಮೆ. ಕೂಡಿದ ಕಡೆಯೆಲ್ಲ ಬೆಳಕು ಹೊಮ್ಮಿ ಫಿಲ್ಮಿನ ಮೇಲೆ ಕಪ್ಪು ಬೊಟ್ಟು ಮೂಡುತ್ತದೆ. ಬೊಟ್ಟು ದಟ್ಟವಾದಷ್ಟೂ ಬ್ಯಾಕ್ಟೀರಿಯ ಹೆಚ್ಚು. ಒಂದು ಹಾಳೆಯಲ್ಲಿ 1,120 ಪ್ರಶ್ನೆಗಳಿಗೆ ಉತ್ತರ. ಚದುರಂಗದ ಮಣೆಯಂತೆ ಕಾಣುವುದರಿಂದ ವಿಧಾನಕ್ಕೆ ‘ಚೆಕರ್‌ಬೋರ್ಡ್’ ಎಂದೇ ಹೆಸರಾಯಿತು.

ಫಲ ಬಂದದ್ದು 1998ರಲ್ಲಿ. 185 ಜನರಿಂದ ತೆಗೆದ 13,261 ಪಾಚಿ ಮಾದರಿಗಳ ಲೆಕ್ಕವನ್ನು ತಂಡ ಹೊರತಂದಿತು. ಬೆಳೆಸುವ ವಿದ್ಯೆಯಿಂದ ಈ ಸಂಖ್ಯೆಯನ್ನು ಕನಸಿನಲ್ಲೂ ಮುಟ್ಟಲಾಗುತ್ತಿರಲಿಲ್ಲ. ಅಷ್ಟು ಮಾದರಿಗಳನ್ನು ಒಟ್ಟಿಗೆ ಹರಡಿ ನೋಡಿದಾಗ ಬ್ಯಾಕ್ಟೀರಿಯಗಳು ಗುಂಪುಗೂಡಿ ಬಾಳುವುದು ಕಂಡಿತು. ಪ್ರತಿ ಗುಂಪಿಗೂ ಒಂದು ಬಣ್ಣದ ಹೆಸರಿಟ್ಟರು. ಆಳವಾಗಿ ಕೊರೆದ, ರಕ್ತ ಒಸರುವ ವಸಡುಗಳ ಜೊತೆ ಬಿಡದೆ ಕಾಣಿಸಿದ್ದು ‘ಕೆಂಪು’ ಗುಂಪು: ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮ ಡೆಂಟಿಕೋಲ ಮತ್ತು ಈಗ ಟ್ಯಾನರೆಲ್ಲ ಫಾರ್ಸೈಥಿಯ ಎಂದು ಕರೆಯುವ ಬ್ಯಾಕ್ಟೀರಿಯ. ಮೂರನೆಯದರ ಹೆಸರಿನಲ್ಲಿ ಆ ಸಂಸ್ಥೆಯೂ ಅಲ್ಲಿನ ಸಂಶೋಧಕಿ ಆನ್ ಟ್ಯಾನರ್ ಅವರೂ ಇದ್ದಾರೆ. ವಸಡಿನ ರೋಗದ ಪಠ್ಯಗಳಲ್ಲಿ ಈ ಕೆಂಪು ತ್ರಯ ಇವತ್ತಿಗೂ ತಪ್ಪದೆ ಬರುತ್ತದೆ.

ಕೇಳದೆ ಸಿಕ್ಕ ಉತ್ತರಗಳು

ಚೆಕರ್‌ಬೋರ್ಡಿಗೆ ಒಂದು ಮಿತಿಯಿತ್ತು. 40 ಹೆಸರು ಹಿಡಿದು ಕೇಳಿದರೆ ಆ 40ರ ಬಗ್ಗೆ ಮಾತ್ರ ಅದು ಹೇಳುತ್ತದೆ. 41ನೆಯದು ಕಣ್ಣೆದುರೇ ಇದ್ದರೂ ಹಾಳೆಯಲ್ಲಿ ಬೊಟ್ಟಿಲ್ಲ.

ಆ ಮಿತಿ ದಾಟಿಸಿದ್ದು 16ಎಸ್ ಎಂಬ ಜೀನ್. ಎಲ್ಲ ಬ್ಯಾಕ್ಟೀರಿಯಗಳಲ್ಲೂ ಇರುವ, ಆದರೆ ಜಾತಿಯಿಂದ ಜಾತಿಗೆ ಅಷ್ಟಿಷ್ಟು ಬದಲಾಗುವ ಈ ಜೀನ್‌ನಿಂದ ವಂಶವೃಕ್ಷ ಬರೆಯಬಹುದು ಎಂದು 1970ರ ದಶಕದಲ್ಲಿ ಕಾರ್ಲ್ ವೂಸ್ ತೋರಿಸಿಕೊಟ್ಟಿದ್ದ. ಪಾಚಿಯ ಡಿಎನ್‌ಎಯಿಂದ ಆ ಜೀನನ್ನು ಪಿಸಿಆರ್ ಎಂಬ ನಕಲು ವಿಧಾನದ ಮೂಲಕ ಕೋಟಿಪಟ್ಟು ಹೆಚ್ಚಿಸಿ ಓದಿದರೆ, ಹೆಸರೇ ಇಲ್ಲದವೂ ಸಿಗುತ್ತವೆ. ಅದೇ ಫಾರ್ಸೈತ್‌ನ ಬ್ರೂಸ್ ಪಾಸ್ಟರ್, ಫ್ಲಾಯ್ಡ್ ಡ್ಯೂಹರ್ಸ್ಟ್ ಮತ್ತು ಸಂಗಡಿಗರು 2001ರಲ್ಲಿ 31 ಜನರ ಪಾಚಿಯಿಂದ 2,522 ತುಣುಕುಗಳನ್ನು ಓದಿದರು. ಸುಮಾರು ಶೇಕಡಾ 40ರಷ್ಟು ತುಣುಕುಗಳು ಅದುವರೆಗೆ ಯಾರೂ ಹೆಸರಿಸದ ಬಗೆಗಳವು. ವಸಡಿನ ಸಂದಿಯಲ್ಲೇ ಸುಮಾರು 415 ಬಗೆಗಳಿರಬಹುದು ಎಂದು ಅವರು ಅಂದಾಜಿಸಿದರು. ಇಡೀ ಬಾಯಿಯ ಲೆಕ್ಕ ಈಗ 700ರ ಆಸುಪಾಸಿನಲ್ಲಿದೆ.

ಇಲ್ಲಿ ಒಡೆಯುವ ಕೆಲಸ ಮತ್ತೆ ಮುನ್ನೆಲೆಗೆ ಬಂತು. ಪಿಸಿಆರ್ ಹೆಚ್ಚಿಸುವುದು ಹೊರಬಂದ ಡಿಎನ್‌ಎಯನ್ನು ಮಾತ್ರ. ಒಡೆಯದ ಕೋಶ ಅದರ ಪಾಲಿಗೆ ಇದ್ದೂ ಇಲ್ಲ. ಹಾಗಾಗಿ ಕಿಣ್ವದ ಜೊತೆಗೆ 0.1 ಮಿಲಿಮೀಟರಿನ ಗಾಜಿನ ಅಥವಾ ಜಿರ್ಕೋನಿಯಾದ ಮಣಿಗಳನ್ನು ನಳಿಕೆಗೆ ಹಾಕಿ ಯಂತ್ರದಲ್ಲಿ ಜೋರಾಗಿ ಕುಲುಕುವ ಪದ್ಧತಿ ಬಂತು. ಮಣಿಗಳ ಹೊಡೆತಕ್ಕೆ ಗಟ್ಟಿ ಗೋಡೆಯೂ ಬಿರಿಯುತ್ತದೆ. ಮಿತಿಮೀರಿ ಕುಲುಕಿದರೆ ಮೊದಲೇ ಹೊರಬಂದ ಡಿಎನ್‌ಎ ಚೂರುಚೂರಾಗುತ್ತದೆ. ಎಷ್ಟು ಹೊತ್ತು ಕುಲುಕಬೇಕು ಎನ್ನುವುದೇ ಒಂದು ವಿದ್ಯೆಯಾಯಿತು. ಸುರಿಯುವಾಗಿನ ನಷ್ಟಕ್ಕೂ ಪರಿಹಾರ ಸಿಕ್ಕಿತು. 1990ರಲ್ಲಿ ಆಮ್‌ಸ್ಟರ್‌ಡಾಮಿನ ರೆನೆ ಬೂಮ್ ಮತ್ತು ಸಂಗಡಿಗರು ಗ್ವಾನಿಡಿನಿಯಂ ಲವಣದ ಸನ್ನಿಧಿಯಲ್ಲಿ ಡಿಎನ್‌ಎ ಸಿಲಿಕಾ ಕಣಗಳಿಗೆ ಅಂಟಿಕೊಳ್ಳುವುದನ್ನು ಬಳಸಿ ಚುರುಕಾದ ಶುದ್ಧೀಕರಣ ವಿಧಾನ ಕೊಟ್ಟರು. ಇವತ್ತು ಪ್ರಯೋಗಾಲಯಗಳು ಕೊಳ್ಳುವ ಕಿಟ್‌ಗಳಲ್ಲಿ ಎಷ್ಟೋ ಆ ತತ್ವದವೇ.

ಕಿಟ್‌ಗಳೂ ಪೂರ್ತಿ ನಿರ್ಮಲವಲ್ಲ ಎಂಬ ಎಚ್ಚರ ಮೂಡಿದ್ದು 2014ರಲ್ಲಿ. ಸುಸಾನಾ ಸಾಲ್ಟರ್ ಮತ್ತು ಸಂಗಡಿಗರು ಒಂದೇ ಜಾತಿಯ ಶುದ್ಧ ಸಾಲ್ಮೊನೆಲ್ಲವನ್ನು ಹಂತ ಹಂತವಾಗಿ ತೆಳುಗೊಳಿಸುತ್ತ ಡಿಎನ್‌ಎ ತೆಗೆದು ಓದಿದರು. ನಳಿಕೆಯಲ್ಲಿದ್ದದ್ದು ಒಂದೇ ಬ್ಯಾಕ್ಟೀರಿಯ. ಆದರೆ ಮಾದರಿ ತೆಳುವಾದಷ್ಟೂ ಓದಿನಲ್ಲಿ ಬೇರೆ ಬೇರೆ ಬ್ಯಾಕ್ಟೀರಿಯಗಳು ಕಾಣಿಸಿಕೊಂಡು, ಕೊನೆಗೆ ಅವೇ ಮೇಲುಗೈ ಸಾಧಿಸಿದವು. ಅವು ಬಂದದ್ದು ಕಿಟ್‌ನ ದ್ರಾವಣಗಳಿಂದ ಮತ್ತು ಪ್ರಯೋಗಾಲಯದ ಪರಿಸರದಿಂದ. ಒಂದು ಗ್ರಾಂ ಮಾದರಿಯಲ್ಲಿ ಈ ಕಲಬೆರಕೆ ಲೆಕ್ಕಕ್ಕಿಲ್ಲ. ಕ್ಯುರೆಟ್ಟಿನ ತುದಿಯಷ್ಟು ಪಾಚಿಯಲ್ಲಿ ಅದನ್ನು ಕಡೆಗಣಿಸಲಾಗದು. ಅಂದಿನಿಂದ ಪ್ರಾಮಾಣಿಕ ಪ್ರಯೋಗಾಲಯಗಳು ಪಾಚಿಯನ್ನೇ ಹಾಕದ ಒಂದು ಖಾಲಿ ನಳಿಕೆಯನ್ನೂ ಎಲ್ಲ ಹಂತಗಳಲ್ಲಿ ಜೊತೆಗೆ ನಡೆಸಿಕೊಂಡು ಬರುತ್ತವೆ. ಖಾಲಿ ನಳಿಕೆಯಲ್ಲಿ ಸಿಕ್ಕಿದ್ದನ್ನು ಪಾಚಿಯ ಹೆಸರಿಗೆ ಬರೆಯುವಂತಿಲ್ಲ.

ಒಂದೇ ಒಂದು ಕೋಶ

ಮಾದರಿ ಎಷ್ಟು ಸಣ್ಣದಾಗಬಹುದು? ಸ್ಟ್ಯಾನ್‌ಫರ್ಡಿನ ಸ್ಟೀಫನ್ ಕ್ವೇಕ್ ತಂಡ 2007ರಲ್ಲಿ ಕೊಟ್ಟ ಉತ್ತರ: ಒಂದೇ ಕೋಶದಷ್ಟು.

ಅವರು ಅರಸಿದ್ದು ಟಿಎಂ7 ಎಂಬ ಬಗೆಯನ್ನು. ಅದರ 16ಎಸ್ ಗುರುತು ಜರ್ಮನಿಯ ಪೀಟ್ ಮಣ್ಣಿನಲ್ಲಿ ಸಿಕ್ಕಿತ್ತು, ಹಲ್ಲಿನ ಪಾಚಿಯಲ್ಲೂ ಸಿಗುತ್ತಿತ್ತು. ಆದರೆ ಯಾರ ತಟ್ಟೆಯಲ್ಲೂ ಬೆಳೆದಿರಲಿಲ್ಲ. ವಸಡಿನ ಸಂದಿಯ ಪಾಚಿಯನ್ನು ಕೂದಲೆಳೆಯಗಲದ ಕಾಲುವೆಗಳಿರುವ ಚಿಪ್‌ನಲ್ಲಿ ಹರಿಸಿ, ಕಡ್ಡಿಯಾಕಾರದ ಕೋಶಗಳನ್ನು ಒಂದೊಂದಾಗಿ ಬೇರೆಬೇರೆ ಕೋಣೆಗಳಿಗೆ ಸೇರಿಸಿ, ಅಲ್ಲೇ ಒಡೆದು, ಡಿಎನ್‌ಎಯನ್ನು ಅಲ್ಲೇ ಹೆಚ್ಚಿಸಿದರು. ಹೆಚ್ಚಿಸಲು ನೆರವಾದ ಕಿಣ್ವ ಫೈ29 ಎಂಬ ವೈರಸ್ಸಿನದು. ಸ್ಪೇನಿನ ಮಾರ್ಗರೀಟ ಸಾಲಾಸ್ ಮತ್ತು ಲೂಯಿಸ್ ಬ್ಲಾಂಕೊ ಅದರ ಗುಣಗಳನ್ನು ಮ್ಯಾಡ್ರಿಡ್‌ನಲ್ಲಿ ಬಿಡಿಸಿಟ್ಟಿದ್ದರು. ವೈರಸ್ಸೊಂದು ತನ್ನ ಡಿಎನ್‌ಎ ನಕಲು ಮಾಡುವ ಬಗೆಯನ್ನು ತಿಳಿಯಬೇಕೆಂದು ಹೊರಟ ಕೆಲಸ ಅದು. ಹಲ್ಲಿನ ವಿಚಾರ ಅವರ ಮುಂದಿರಲಿಲ್ಲ. ಆ ಕಿಣ್ವದ ಬಲದಿಂದ ಫೆಮ್ಟೊಗ್ರಾಂಗಳಲ್ಲಿದ್ದ ಡಿಎನ್‌ಎ ಓದಬಲ್ಲಷ್ಟಾಯಿತು. ಟಿಎಂ7ನ ಸಾವಿರಕ್ಕೂ ಹೆಚ್ಚು ಜೀನ್‌ಗಳು ಬೆಳಕಿಗೆ ಬಂದವು.

ಎಂಟು ವರ್ಷಗಳ ನಂತರ, 2015ರಲ್ಲಿ, ಶುವೆಸಾಂಗ್ ಹೆ, ವೆನ್ಯುವಾನ್ ಶಿ ಮತ್ತು ಸಂಗಡಿಗರು ಬಾಯಿಯ ಟಿಎಂ7 ಒಂದನ್ನು ಪ್ರಯೋಗಾಲಯದಲ್ಲಿ ಬೆಳೆಸಿಯೇಬಿಟ್ಟರು. ಅದರ ಜೀನೋಮ್ ಸುಮಾರು 7 ಲಕ್ಷ ಅಕ್ಷರಗಳದು. ಒಂಟಿಯಾಗಿ ಬದುಕಲು ಅಷ್ಟು ಸಾಲದು. ಆಕ್ಟಿನೊಮೈಸಿಸ್ ಬ್ಯಾಕ್ಟೀರಿಯದ ಮೈಗೆ ಅಂಟಿಕೊಂಡು ಅದು ಪರಾವಲಂಬಿಯಾಗಿ ಬಾಳುತ್ತದೆ. ಅದು ಒಂಟಿಯಾಗಿ ಯಾರ ತಟ್ಟೆಯಲ್ಲೂ ಬೆಳೆಯದಿದ್ದುದಕ್ಕೆ ಕಾರಣ ಅಲ್ಲಿದೆ. ಅದು ಪಾಚಿಯಲ್ಲಿದೆ ಎಂಬ ಸುಳಿವು ಮೊದಲು ಕೊಟ್ಟದ್ದು ಡಿಎನ್‌ಎ.

ಈ ಮುನ್ನೂರು ವರ್ಷಗಳ ಕತೆಯನ್ನು ಹೇಳುವವರು ಮಸೂರವನ್ನೂ ಪಿಸಿಆರನ್ನೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಗೋಡೆ ಕರಗಿಸುವ ಕಿಣ್ವ ಹುಡುಕಿದವರು, ಪಾಚಿಯನ್ನು ಕ್ಷಾರದಲ್ಲಿ 5 ನಿಮಿಷ ಕುದಿಸಿದರೆ ಸಾಕೆಂದು ಕಂಡವರು, ಖಾಲಿ ನಳಿಕೆಯನ್ನೂ ಓದಿ ನೋಡಿ ಎಂದವರು ಇಲ್ಲದಿದ್ದರೆ ಆ ಹಿರಿಯ ಯಂತ್ರಗಳೆಲ್ಲ ತಪ್ಪು ಪಟ್ಟಿಯನ್ನೇ ಬಹಳ ವೇಗವಾಗಿ ಮುದ್ರಿಸುತ್ತಿದ್ದವು. ಸೂಕ್ಷ್ಮಜೀವಿಶಾಸ್ತ್ರ, ದಂತವೈದ್ಯಕೀಯ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಬಾಯಿಯ ಬ್ಯಾಕ್ಟೀರಿಯಕ್ಕೂ ಯಾವುದೋ ರೋಗಕ್ಕೂ ನಂಟು ಕಟ್ಟುವ ಸಂಶೋಧನೆ ಕೈಗೆ ಸಿಕ್ಕಾಗ ಕೊನೆಯ ಪುಟದ ತೀರ್ಮಾನಕ್ಕೆ ಹಾರಬೇಡಿ, ವಿಧಾನದ ಅಧ್ಯಾಯವನ್ನು ಮೊದಲು ಓದಿ. ದಪ್ಪ ಗೋಡೆಯ ಕೋಶಗಳನ್ನು ಹೇಗೆ ಒಡೆದರು? ಖಾಲಿ ನಳಿಕೆಯಲ್ಲಿ ಏನು ಸಿಕ್ಕಿತು? ಈ ಎರಡಕ್ಕೂ ಉತ್ತರ ಕೊಡದ ಪಟ್ಟಿಯನ್ನು, ಅದು ಎಷ್ಟೇ ಉದ್ದವಿರಲಿ, ಒಪ್ಪಿಕೊಳ್ಳಬೇಕಾಗಿಲ್ಲ.